ಪುರಾಣದ ವೀರ, ಯುದ್ಧದ ನಾಯಕ: ಹೋಲಿಕೆ ಎಷ್ಟು, ಬಣ್ಣ ಎಷ್ಟು?

ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನ ಭಾಷಣ ಸ್ಪರ್ಧೆಗೆ 'ಪುರಾಣದ ವೀರರು ಮತ್ತು ನಿಜವಾದ ಯುದ್ಧನಾಯಕರು' ಎಂಬ ವಿಷಯ ಕೊಟ್ಟಿದ್ದಾರೆ. ಅರ್ಜುನ, ಕರ್ಣ, ಅಕಿಲಿಸ್ ಇಂಥವರಲ್ಲಿ ಕಾಣುವ ಗುಣಗಳು ಚರ್ಚಿಲ್, ಕಾರ್ಯಪ್ಪ, ತಿಮ್ಮಯ್ಯ ಅವರಂಥವರಲ್ಲೂ ನಿಜವಾಗಿ ಇದ್ದವಾ? ಅಥವಾ ಗೆದ್ದ ಮೇಲೆ ನಾವೇ ಅವರಿಗೆ ಆ ಬಣ್ಣ ಹಚ್ಚುತ್ತೇವಾ? ಒಬ್ಬರನ್ನೇ ಆರಿಸಬೇಕಾದರೆ ಯಾರನ್ನು ಆರಿಸಿಕೊಳ್ಳಲಿ?
ಒಬ್ಬ ಓದುಗರು, ಹಾಸನ

ಉತ್ತರ: ಬಣ್ಣದ ಪ್ರಶ್ನೆಯಿಂದಲೇ ಶುರು ಮಾಡೋಣ. ಹೌದು, ಹಚ್ಚುತ್ತೇವೆ. ಈ ಕೆಲಸದಲ್ಲಿ ಕನ್ನಡಿಗರು ಯಾರಿಗೂ ಕಡಿಮೆ ಇಲ್ಲ. ನಮ್ಮ ಆದಿಕವಿಯೇ ಇದನ್ನು ಬಹಿರಂಗವಾಗಿ ಮಾಡಿದ್ದಾನೆ. ಕ್ರಿ.ಶ. 941ರ ಸುಮಾರಿಗೆ ಪಂಪ ಮಹಾಭಾರತವನ್ನು ಕನ್ನಡದಲ್ಲಿ ಬರೆದ. ಅವನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ದೊರೆ ಇಮ್ಮಡಿ ಅರಿಕೇಸರಿ. ಯುದ್ಧಗಳನ್ನು ಮಾಡಿದ, ರಕ್ತ ಮಾಂಸದ ಮನುಷ್ಯ. ಪಂಪ ಅವನನ್ನೇ ಅರ್ಜುನನನ್ನಾಗಿ ಮಾಡಿಬಿಟ್ಟ. ಅರಿಕೇಸರಿಯ ಬಿರುದುಗಳೆಲ್ಲ ಅರ್ಜುನನಿಗೆ ಬಂದವು. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಯಲ್ಲಿ ಪಟ್ಟ ಆಗುವುದೂ ಧರ್ಮರಾಯನಿಗಲ್ಲ, ಅರ್ಜುನನಿಗೆ. ಕೆಲವು ದಶಕಗಳ ನಂತರ ರನ್ನ ಇದೇ ದಾರಿ ಹಿಡಿದು ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನನ್ನಾಗಿ ಮಾಡಿದ.

ಆದರೆ ಇಲ್ಲೊಂದು ಮಜಾ ಇದೆ. ಇಬ್ಬರೂ ದೊರೆಯನ್ನು ಹೊಗಳಲು ಕೂತವರು. ಆದರೆ ಪಂಪನ ಮನಸ್ಸು ಹೋದದ್ದು ಕರ್ಣನ ಕಡೆಗೆ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಬರೆದುಬಿಟ್ಟ. ರನ್ನನ ಕಾವ್ಯದಲ್ಲೂ ಓದುಗರನ್ನು ಹಿಡಿದು ನಿಲ್ಲಿಸುವವನು ಭೀಮನಲ್ಲ, ಹೆಣಗಳ ಮೇಲೆ ಕಾಲಿಡುತ್ತಾ ಒಬ್ಬನೇ ನಡೆಯುವ ದುರ್ಯೋಧನ. ಬಣ್ಣ ಹಚ್ಚಲು ಸಂಬಳ ಪಡೆದ ಕವಿಗಳಿಗೂ ಸೋತವರಲ್ಲೇ ಏನೋ ಕಂಡಿತು, ಅಲ್ವಾ? ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲೇ. ಗೆದ್ದವರಿಗೆ ಗುಣಗಳನ್ನು ಯಾರು ಬೇಕಾದರೂ ಅಂಟಿಸಬಹುದು. ಸೋಲು ಎದುರಿಗೆ ಬಂದಾಗ, ಹಸಿವು ಬಂದಾಗ, ಮಗ ಶತ್ರುವಿನ ಕೈಗೆ ಸಿಕ್ಕಾಗ ಏನು ಮಾಡಿದರು ಎಂದು ನೋಡಿದರೆ ಬಣ್ಣ ಯಾವುದು, ಮೈ ಯಾವುದು ಎಂದು ಸ್ವಲ್ಪ ಗೊತ್ತಾಗುತ್ತದೆ.

ಮೊದಲು ಧೈರ್ಯದ ಮಾತು ಮುಗಿಸಿಬಿಡೋಣ. ಭಾಷಣಗಳಲ್ಲಿ ಎಲ್ಲರೂ ಇದನ್ನೇ ಹೇಳುವುದು, 'ವೀರರಿಗೆ ಭಯ ಇರಲಿಲ್ಲ' ಅಂತ. ಸುಳ್ಳು. ಕುರುಕ್ಷೇತ್ರದಲ್ಲಿ ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವ ಕೈಯಿಂದ ಜಾರಿತು. ಗ್ರೀಕರ ಕಥೆಯಲ್ಲಿ ಟ್ರಾಯ್ ನಗರದ ಮಹಾವೀರ ಹೆಕ್ಟರ್, ಶತ್ರುಪಕ್ಷದ ವೀರ ಅಕಿಲಿಸ್ ಹತ್ತಿರ ಬಂದದ್ದನ್ನು ನೋಡಿ ಓಡಿಹೋದ. ಕೋಟೆಯ ಸುತ್ತ ಮೂರು ಸುತ್ತು ಓಡಿದ. ತಂದೆ ತಾಯಿ ಗೋಡೆಯ ಮೇಲೆ ನಿಂತು ನೋಡುತ್ತಿದ್ದರು! ಇದನ್ನು ಕವಿ ಮುಚ್ಚಿಟ್ಟಿಲ್ಲ. ಹಳೆಯ ಕವಿಗಳು ನಮ್ಮ ಭಾಷಣಕಾರರಿಗಿಂತ ಜಾಸ್ತಿ ಪ್ರಾಮಾಣಿಕರು.

ಉತ್ತರಕುಮಾರನ ಪ್ರಸಂಗ ನಿಮಗೆ ಗೊತ್ತೇ ಇದೆ. 'ಉತ್ತರನ ಪೌರುಷ ಒಲೆ ಮುಂದೆ' ಎಂದು ಇಂದಿಗೂ ಆಡಿಕೊಳ್ಳುತ್ತೇವೆ. ಅರಮನೆಯ ಹೆಂಗಸರ ಮುಂದೆ ಜಂಬ ಕೊಚ್ಚಿ ಹೋದವನು ಕೌರವರ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಟ ಕಿತ್ತ. ನಾವು ನಕ್ಕು ಅಲ್ಲಿಗೆ ಬಿಡುತ್ತೇವೆ. ಆಮೇಲೆ ಬೃಹನ್ನಳೆಯ ವೇಷದ ಅರ್ಜುನ ಏನು ಮಾಡಿದ ನೋಡಿ. ಅಟ್ಟಿಸಿಕೊಂಡು ಹೋಗಿ ಹಿಡಿದ. ಬೈದು ಮನೆಗೆ ಕಳಿಸಲಿಲ್ಲ. ಶಮೀ ವೃಕ್ಷದ ಹತ್ತಿರ ಕರೆದುಕೊಂಡು ಹೋದ, ಅವನ ಕೈಯಿಂದಲೇ ಆಯುಧಗಳನ್ನು ಕೆಳಗೆ ಇಳಿಸಿದ. 'ನೀನು ಕುದುರೆ ನೋಡಿಕೋ, ಯುದ್ಧ ನಾನು ಮಾಡುತ್ತೇನೆ' ಎಂದ. ಹೆದರಿದವನಿಗೆ ಅವನ ಕೈಲಾಗುವ ಕೆಲಸ ಕೊಟ್ಟ. ಅದೇ ಉತ್ತರ ಅದೇ ದಿನ ಭೀಷ್ಮ, ದ್ರೋಣ, ಕರ್ಣರ ಎದುರಿಗೆ ರಥ ನಡೆಸಿದ.

ಇದನ್ನು ಒಂದಿಡೀ ಸೇನೆಗೆ ಮಾಡಿ ತೋರಿಸಿದವನು ಎರಡನೇ ಮಹಾಯುದ್ಧದ ಬ್ರಿಟಿಷ್ ಜನರಲ್ ವಿಲಿಯಂ ಸ್ಲಿಮ್. ಚರ್ಚಿಲ್ ಹೆಸರು ಎಲ್ಲರಿಗೂ ಗೊತ್ತು, ಸ್ಲಿಮ್ ಹೆಸರು ಅಷ್ಟಾಗಿ ಗೊತ್ತಿಲ್ಲ. ಆದರೆ ಅವನ ಹದಿನಾಲ್ಕನೇ ಸೇನೆಯಲ್ಲಿ ಜಾಸ್ತಿ ಜನ ಇದ್ದದ್ದು ನಮ್ಮ ಭಾರತೀಯ ಸೈನಿಕರು. 1942ರಲ್ಲಿ ಜಪಾನಿಯರು ಬರ್ಮಾಕ್ಕೆ ನುಗ್ಗಿದಾಗ ಈ ಸೇನೆಗೂ ಮೊದಲು ಅಲ್ಲಿದ್ದ ಪಡೆಗಳು ಸುಮಾರು 900 ಮೈಲಿ ಹಿಂದಕ್ಕೆ ಸರಿದು ಇಂಫಾಲ ಸೇರಿದವು. ಹರಿದ ಬಟ್ಟೆ, ಜ್ವರ, ಭೇದಿ. ಜಪಾನಿ ಸೈನಿಕನನ್ನು ಕಾಡಿನಲ್ಲಿ ಸೋಲಿಸಲು ಆಗುವುದೇ ಇಲ್ಲ ಎಂಬ ಭೀತಿ ಎಲ್ಲರಲ್ಲೂ ಕೂತಿತ್ತು.

ಸ್ಲಿಮ್ ದೊಡ್ಡ ಯುದ್ಧಕ್ಕೆ ಅವಸರ ಮಾಡಲಿಲ್ಲ. ಮೊದಲು ಸಣ್ಣ ಸಣ್ಣ ಗಸ್ತು ತಂಡಗಳನ್ನು ಕಾಡಿಗೆ ಕಳಿಸಿದ. ಅವರು ಗೆದ್ದು ಬಂದು ಉಳಿದವರಿಗೆ ಕಥೆ ಹೇಳುವಂತೆ ಮಾಡಿದ. ಆಮೇಲೆ ಜಪಾನಿಯರ ಕಂಪನಿ ಎಂಬ ಸಣ್ಣ ತುಕಡಿ ಇರುವ ಕಡೆಗೆ ಸಾವಿರಾರು ಜನರ ಇಡೀ ಬ್ರಿಗೇಡ್ ಕಳಿಸಿದ. ಒಂದು ಪ್ಲಟೂನ್ ಇರುವಲ್ಲಿಗೆ ಇಡೀ ಬೆಟಾಲಿಯನ್. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಜನ ಯಾಕೆ ಎಂಬ ಟೀಕೆ ಬಂತು. ಅವನ ಲೆಕ್ಕ ಸರಳ. ಈ ಹಂತದಲ್ಲಿ ಒಂದು ಸಣ್ಣ ಸೋಲನ್ನೂ ಈ ಸೇನೆ ತಡೆದುಕೊಳ್ಳುವುದಿಲ್ಲ. ಅರ್ಜುನ ಉತ್ತರನ ಕೈಗೆ ಮೊದಲು ಬಿಲ್ಲು ಕೊಡದೆ ಲಗಾಮು ಕೊಟ್ಟದ್ದೂ ಇದೇ ಲೆಕ್ಕದಲ್ಲಿ.

ಎರಡನೇ ಗುಣ ಹಂಚಿಕೊಳ್ಳುವುದು. ಜೊತೆಗಿದ್ದವರ ಕಷ್ಟದಲ್ಲಿ ತನ್ನ ಪಾಲು ತಾನು ತೆಗೆದುಕೊಳ್ಳುವುದು. ಇಲ್ಲಿ ಪುರಾಣವನ್ನೂ ಚರಿತ್ರೆಯನ್ನೂ ಒಟ್ಟಿಗೆ ಹೊಲಿದಂತಿರುವ ವ್ಯಕ್ತಿ ಅಲೆಕ್ಸಾಂಡರ್. ಅವನು ತನ್ನನ್ನು ಅಕಿಲಿಸನ ವಂಶದವನು ಎಂದೇ ನಂಬಿದ್ದ. ಕ್ರಿ.ಪೂ. 334ರಲ್ಲಿ ಏಷ್ಯಾಕ್ಕೆ ಕಾಲಿಟ್ಟಾಗ ಮೊದಲು ಟ್ರಾಯ್‌ಗೆ ಹೋಗಿ ಪೂಜೆ ಸಲ್ಲಿಸಿದ. ಅಂದರೆ ಬಣ್ಣವನ್ನು ನಾವು ಹಚ್ಚುವ ಮೊದಲೇ ನಾಯಕರೇ ಹಚ್ಚಿಕೊಳ್ಳುವುದೂ ಉಂಟು.

ಭಾರತದಿಂದ ಹಿಂದಿರುಗುವಾಗ, ಕ್ರಿ.ಪೂ. 325ರಲ್ಲಿ, ಅವನು ಗೆಡ್ರೋಸಿಯಾ ಮರುಭೂಮಿಯ ಮೂಲಕ ಸೇನೆ ನಡೆಸಿದ. ಈಗಿನ ಬಲೂಚಿಸ್ತಾನದ ಮಕ್ರಾನ್ ಕಡೆ. ಎಲ್ಲರ ಗಂಟಲೂ ಒಣಗಿತ್ತು. ಅವನೂ ನಡೆದೇ ಹೋಗುತ್ತಿದ್ದ. ನೀರು ಹುಡುಕಲು ಹೋದ ಕೆಲವರಿಗೆ ಒಂದು ಹಳ್ಳದಲ್ಲಿ ಬೊಗಸೆಯಷ್ಟು ನೀರು ಸಿಕ್ಕಿತು. ಶಿರಸ್ತ್ರಾಣದಲ್ಲಿ ತುಂಬಿಕೊಂಡು ಓಡಿ ಬಂದು ದೊರೆಗೆ ಕೊಟ್ಟರು. ಅವನು ತೆಗೆದುಕೊಂಡ, ಅವರಿಗೆ ವಂದನೆ ಹೇಳಿದ, ಎಲ್ಲರೂ ನೋಡುತ್ತಿದ್ದಂತೆ ನೆಲಕ್ಕೆ ಚೆಲ್ಲಿದ. ಪ್ರತಿಯೊಬ್ಬರೂ ಆ ನೀರು ಕುಡಿದಷ್ಟು ಹುರುಪು ಸೇನೆಗೆ ಬಂತು ಎಂದು ಗ್ರೀಕ್ ಇತಿಹಾಸಕಾರ ಏರಿಯನ್ ಬರೆಯುತ್ತಾನೆ.

ಭಾಷಣಕ್ಕೆ ಹೇಳಿ ಮಾಡಿಸಿದ ಪ್ರಸಂಗ ಇದು. ಆದರೆ ಮಗಳಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಲು ಹೇಳಿ: ಆ ಮರುಭೂಮಿಗೆ ಅವರನ್ನು ಕರೆತಂದದ್ದು ಯಾರು? ಇವನೇ. ಆ ದಾರಿಯಲ್ಲಿ ಹಿಂದೆ ಯಾರೂ ಸೇನೆಯನ್ನು ಸುರಕ್ಷಿತವಾಗಿ ದಾಟಿಸಿಲ್ಲ ಎಂದು ಕೇಳಿಯೂ ತಾನು ದಾಟಿಸಿ ತೋರಿಸುವ ಆಸೆ ಅವನಿಗಿತ್ತು ಎಂದೂ ಅದೇ ಏರಿಯನ್ ಹೇಳುತ್ತಾನೆ. ಹಡಗುಪಡೆಗೆ ನೀರು, ಆಹಾರ ಒದಗಿಸುವ ಕಾರಣವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ಸತ್ತವರ ಲೆಕ್ಕ ಭೀಕರ. ನೀರು ಚೆಲ್ಲಿದ ದೊಡ್ಡತನವೂ, ದಾರಿ ಆರಿಸಿದ ಹಟವೂ ಒಂದೇ ಮನುಷ್ಯನವು. ಅದಕ್ಕೆ ಮೊದಲು ಮಲ್ಲಿ ಎಂಬ ಜನರ ಕೋಟೆಯೊಂದಕ್ಕೆ ಏಣಿ ಹಾಕಿದಾಗ ಅವನು ಮುಂದಾಗಿ ಒಳಗೆ ಧುಮುಕಿದ್ದ. ಜೊತೆಗೆ ಇದ್ದವರು ಬೆರಳೆಣಿಕೆಯಷ್ಟು ಜನ. ಎದೆಗೆ ಬಾಣ ತಾಗಿ ಸಾಯುವ ಸ್ಥಿತಿ ಬಂತು. ಇದು ಸಿಪಾಯಿಯ ಕೆಲಸ, ಸೇನಾಪತಿಯ ಕೆಲಸ ಅಲ್ಲ ಎಂದು ಗೆಳೆಯರು ಅವನ ಮುಖಕ್ಕೇ ಹೇಳಿದರು. ಅಷ್ಟು ದೂರ ಬಂದ ಸೇನೆ ಅವನಿಲ್ಲದೆ ಮನೆ ಸೇರುವುದು ಹೇಗೆ ಎಂಬುದು ಅವರ ಚಿಂತೆ.

ಸ್ಲಿಮ್ ಹಂಚಿಕೊಂಡ ರೀತಿಯಲ್ಲಿ ಇಷ್ಟು ನಾಟಕ ಇಲ್ಲ. ಮುಂಚೂಣಿಯ ಪಡೆಗಳಿಗೆ ರೇಷನ್ ಅರ್ಧಕ್ಕೆ ಇಳಿದಾಗಲೆಲ್ಲ ತನ್ನ ಕೇಂದ್ರ ಕಚೇರಿಗೂ ಅರ್ಧ ರೇಷನ್ ಮಾಡುತ್ತಿದ್ದ. ಕಚೇರಿಯಲ್ಲಿ ಕೂತ ಆಫೀಸರುಗಳಿಗೆ ಹೊಟ್ಟೆ ಚುರುಗುಟ್ಟಿದರೆ ಸಾಮಾನು ಬೇಗ ಮುಂದಕ್ಕೆ ಹೋಗುತ್ತದೆ ಎಂಬ ಜಾಣತನವೂ ಅದರಲ್ಲಿತ್ತು. ನನಗೆ ಇದೇ ಜಾಸ್ತಿ ಇಷ್ಟ. ಚೆಲ್ಲಿದ ನೀರು ಕಥೆಯಾಗುತ್ತದೆ, ಅರ್ಧ ರೇಷನ್ನಿನಿಂದ ಅಕ್ಕಿ ಮೂಟೆ ಮುಂದಕ್ಕೆ ಸಾಗುತ್ತದೆ.

ಅಕ್ಕಿ ಮೂಟೆ ಎಂದದ್ದಕ್ಕೆ ನೆನಪಾಯಿತು. ಪುರಾಣದ ವೀರರು ಊಟ, ಔಷಧಿಯ ಗೋಜಿಗೆ ಹೋಗುವುದೇ ಕಡಿಮೆ. ನಮ್ಮ ಜನಕ್ಕೆ ಮಾತ್ರ ಆ ಪ್ರಶ್ನೆ ಬಂದಿದೆ. ಹದಿನೆಂಟು ದಿನ ಅಷ್ಟು ಅಕ್ಷೋಹಿಣಿಗೆ ಅಡುಗೆ ಮಾಡಿದವರು ಯಾರು? ಉಡುಪಿಯ ರಾಜ ಎಂದು ಜನಪದ ಕಥೆ ಹೇಳುತ್ತದೆ. ಕೃಷ್ಣ ರಾತ್ರಿ ಎಷ್ಟು ಕಡಲೆಕಾಯಿ ತಿಂದ ಎಂದು ಎಣಿಸಿ ಮರುದಿನ ಎಷ್ಟು ಜನ ಸಾಯುತ್ತಾರೆ ಎಂದು ತಿಳಿದು, ಅಷ್ಟು ಅಡುಗೆ ಕಡಿಮೆ ಮಾಡಿಸುತ್ತಿದ್ದನಂತೆ. ವ್ಯಾಸ ಭಾರತದಲ್ಲಿ ಈ ಕಥೆ ಇಲ್ಲ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ನಮ್ಮಲ್ಲಿಗೆ ಬಂದದ್ದು ಯುರೋಪಿನ ಹಡಗುಗಳು ಬರಲು ಶುರುವಾದ ಮೇಲೆ. ಕಥೆಯ ವಯಸ್ಸನ್ನು ನೀವೇ ಲೆಕ್ಕ ಹಾಕಿ! ಇರಲಿ, ಪ್ರಶ್ನೆ ಕೇಳಿದ ಜನರ ಬುದ್ಧಿ ಮೆಚ್ಚಬೇಕು.

ನಿಜವಾದ ಯುದ್ಧದಲ್ಲಿ ಆ ಪ್ರಶ್ನೆಯೇ ಅರ್ಧ ಯುದ್ಧ. 1943ರಲ್ಲಿ ಸ್ಲಿಮ್ ಸೇನೆ ವಹಿಸಿಕೊಂಡಾಗ, ಗಾಯಗೊಂಡು ಹಿಂದಕ್ಕೆ ಬರುವ ಒಬ್ಬ ಸೈನಿಕನಿಗೆ 120 ಜನ ಕಾಯಿಲೆಯಿಂದ ಬರುತ್ತಿದ್ದರು. ಮಲೇರಿಯಾವೇ ಮುಖ್ಯ. ತಡೆಯಲು ಮೆಪಾಕ್ರಿನ್ ಎಂಬ ಮಾತ್ರೆ ಇತ್ತು. ಆದರೆ ನುಂಗಿದರೆ ಮೈ ಹಳದಿಯಾಗುತ್ತಿತ್ತು, ಗಂಡಸುತನ ಹೋಗುತ್ತದೆ ಎಂಬ ಗಾಳಿಸುದ್ದಿ ಬೇರೆ. ಸೈನಿಕರು ಬಾಯಿಗೆ ಹಾಕಿಕೊಂಡಂತೆ ಮಾಡಿ ಉಗಿಯುತ್ತಿದ್ದರು. ಸ್ಲಿಮ್ ಹಠಾತ್ ತಪಾಸಣೆ ಶುರು ಮಾಡಿದ. ನೂರಕ್ಕೆ 95 ಜನರಲ್ಲಾದರೂ ಔಷಧಿಯ ಅಂಶ ಕಾಣದಿದ್ದರೆ ಆ ತುಕಡಿಯ ಕಮಾಂಡರನ್ನೇ ಕೆಲಸದಿಂದ ತೆಗೆದ. ಮೂವರನ್ನು ತೆಗೆಯುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. ತಪ್ಪು ಮಾಡಿದ್ದು ಸಿಪಾಯಿ, ಶಿಕ್ಷೆ ಆಫೀಸರಿಗೆ. ಯಾವ ಕವಿಯೂ ಇದರ ಮೇಲೆ ಕಾವ್ಯ ಬರೆಯುವುದಿಲ್ಲ. ಆದರೆ ಜೊತೆಗಿರುವವರ ಜೀವಕ್ಕೆ ಹೊಣೆ ಹೊರುವುದು ಎಂದರೆ ಹೆಚ್ಚು ದಿನಗಳಲ್ಲಿ ಇಷ್ಟೇ.

ಇನ್ನು ಲೆಕ್ಕ ತಪ್ಪಿದಾಗ ಏನು ಮಾಡುತ್ತಾರೆ ಎಂಬುದು. ಇಲ್ಲಿ ಪುರಾಣ ಮತ್ತು ಚರಿತ್ರೆ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂದು ನನ್ನ ಅಭಿಪ್ರಾಯ. ಹೆಕ್ಟರನಿಗೆ ಪೊಲಿಡಾಮಸ್ ಎಂಬ ಗೆಳೆಯ ಹಿಂದಿನ ರಾತ್ರಿಯೇ ಹೇಳಿದ್ದ: ಸೇನೆಯನ್ನು ಕೋಟೆಯೊಳಗೆ ಕರೆದುಕೊಂಡು ಹೋಗೋಣ, ನಾಳೆ ಅಕಿಲಿಸ್ ಬರುತ್ತಾನೆ. ಹೆಕ್ಟರ್ ಕೇಳಲಿಲ್ಲ. ಮರುದಿನ ಅವನ ಜನ ರಾಶಿ ರಾಶಿ ಸತ್ತರು. ಎಲ್ಲರೂ ಒಳಗೆ ಓಡಿದ ಮೇಲೂ ಅವನು ಬಾಗಿಲ ಹೊರಗೇ ನಿಂತ. ಯಾಕೆ? ನಾಚಿಕೆಯಿಂದ. 'ತನ್ನ ಬಲ ನಂಬಿ ಜನರನ್ನು ಹಾಳು ಮಾಡಿದ' ಎಂಬ ಮಾತು ಕೇಳಲಾರೆ ಎಂದು. ತನ್ನ ತಪ್ಪನ್ನು ಅವನು ಪೂರ್ತಿ ಒಪ್ಪಿಕೊಂಡ, ಸತ್ತೇ ತೀರಿಸಿದ. ಆದರೆ ಟ್ರಾಯ್‌ಗೆ ಆಗ ಬೇಕಿದ್ದದ್ದು ಬದುಕಿರುವ ಹೆಕ್ಟರ್.

ಸ್ಲಿಮ್‌ಗೂ ಅಂಥದ್ದೇ ತಪ್ಪಾಯಿತು. 1944ರ ಮಾರ್ಚ್‌ನಲ್ಲಿ ಜಪಾನಿಯರು ಇಂಫಾಲ ಮತ್ತು ಕೊಹಿಮಾದ ಮೇಲೆ ಬಿದ್ದರು. ಕೊಹಿಮಾದ ಗುಡ್ಡಗಾಡಿನಲ್ಲಿ ಒಂದು ರೆಜಿಮೆಂಟಿಗಿಂತ ಹೆಚ್ಚು ಬರಲು ಸಾಧ್ಯವಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ಬಂದದ್ದು ಇಡೀ ಡಿವಿಜನ್. ಅಲ್ಲಿದ್ದ ಸಣ್ಣ ಪಡೆ ಏಪ್ರಿಲ್ ತಿಂಗಳಲ್ಲಿ ಮುತ್ತಿಗೆಗೆ ಸಿಕ್ಕಿತು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಈ ಬದಿ ಇವರು, ಆ ಬದಿ ಅವರು. ಅಷ್ಟು ಹತ್ತಿರದಿಂದ ಹೊಡೆದಾಟ ನಡೆಯಿತು. ತಪ್ಪು ಗೊತ್ತಾಗುತ್ತಿದ್ದಂತೆ ಸ್ಲಿಮ್ ಬರ್ಮಾದ ಅರಕಾನಿನಲ್ಲಿದ್ದ ಐದನೇ ಭಾರತೀಯ ಡಿವಿಜನ್ನನ್ನು ತೋಪು, ಹೇಸರಗತ್ತೆ ಸಮೇತ ವಿಮಾನದಲ್ಲಿ ಹತ್ತಿಸಿ ಈ ಕಡೆಗೆ ತರಿಸಿದ. ಮುಂದೆ ತನ್ನ ನೆನಪುಗಳಲ್ಲಿ ಆ ತಪ್ಪು ತನ್ನದೇ ಎಂದು ನೇರವಾಗಿ ಬರೆದ. ಅಂಥ ಪುಸ್ತಕಗಳಲ್ಲಿ ತಪ್ಪುಗಳೆಲ್ಲ ಸಾಮಾನ್ಯವಾಗಿ ಬೇರೆಯವರದ್ದೇ ಆಗಿರುತ್ತವೆ, ಗೊತ್ತಲ್ಲ.

ಚರ್ಚಿಲ್ ಬಗ್ಗೆ ಕೇಳಿದ್ದೀರಿ. ಚಿಕ್ಕದಾಗಿ ಹೇಳುತ್ತೇನೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ತುರ್ಕಿಯ ಗಲಿಪೊಲಿಯಲ್ಲಾದ ಸೋಲಿನ ಹೊಣೆ ಅವನ ತಲೆಗೆ ಬಂತು. ಮಂತ್ರಿಗಿರಿ ಬಿಟ್ಟು ಬೆಲ್ಜಿಯಂನ ಕಂದಕಗಳಲ್ಲಿ ಒಂದು ಬೆಟಾಲಿಯನ್ ನಡೆಸಲು ಹೋದ. 1929ರಿಂದ ಹತ್ತು ವರ್ಷ ಅಧಿಕಾರದ ಹೊರಗಿದ್ದ. ವನವಾಸ ಮುಗಿಸಿ ಬಂದ ವೀರನ ಕಥೆಯ ಹಾಗೆಯೇ ಕಾಣುತ್ತದೆ. 1940ರಲ್ಲಿ ಅವನ ಹಟ ಇಲ್ಲದಿದ್ದರೆ ಬ್ರಿಟನ್ ಸಂಧಿಗೆ ಕೂರುತ್ತಿತ್ತೋ ಏನೋ. ಆದರೆ 1943ರ ಬಂಗಾಳದ ಬರದಲ್ಲಿ ಸುಮಾರು 30 ಲಕ್ಷ ಜನ ಸತ್ತರು ಎಂಬ ಅಂದಾಜಿದೆ, ಆಗ ಅವನ ಸರ್ಕಾರ ಧಾನ್ಯ ಕಳಿಸಲು ಹಿಂದೆ ಮುಂದೆ ನೋಡಿತು. ತನ್ನವರು ಎಂದು ಅವನು ಯಾರನ್ನು ಎಣಿಸಿದ್ದನೋ ಅವರಿಗೆ ಮಾತ್ರ ಅವನು ವೀರ. ನಾವು ಆ ಪಟ್ಟಿಯಲ್ಲಿ ಇರಲಿಲ್ಲ.

ಕಾರ್ಯಪ್ಪನವರದ್ದು ಬೇರೆಯೇ ಪ್ರಸಂಗ. ಅದನ್ನು ದ್ರೋಣರ ಪಕ್ಕದಲ್ಲಿಟ್ಟು ನೋಡಿ. ಅಶ್ವತ್ಥಾಮ ಸತ್ತ ಎಂಬ ಮಾತು ನಂಬಿ ದ್ರೋಣ ಶಸ್ತ್ರ ಕೆಳಗಿಟ್ಟರು. ಅವರು ಕೌರವರ ಸೇನಾಪತಿ, ಆದರೆ ಆ ಗಳಿಗೆಯಲ್ಲಿ ಬರೀ ತಂದೆ. ಯಾರೂ ಅವರನ್ನು ದೂರಲಾರರು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದ ಕೈಗೆ ಸೆರೆಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ, ಬೇಕಾದರೆ ಬಿಟ್ಟುಬಿಡುತ್ತೇವೆ ಎಂಬ ಸುದ್ದಿ ಬಂತು. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ಬೇರೆ ಮರ್ಯಾದೆ ಬೇಡ ಎಂಬ ಅರ್ಥದ ಉತ್ತರ ಕೊಟ್ಟರು. ಆಗ ಅವರು ನಿವೃತ್ತರಾಗಿ ಹನ್ನೆರಡು ವರ್ಷ ಆಗಿತ್ತು. ಸೇನಾಪತಿಯ ಹುದ್ದೆಯೂ ಇಲ್ಲ, ಹಾಗೆ ಹೇಳಬೇಕೆಂಬ ಕಟ್ಟಳೆಯೂ ಇಲ್ಲ.

ಒಬ್ಬರನ್ನೇ ಆರಿಸಬೇಕು ಎಂದರೆ ನಾನಾದರೆ ತಿಮ್ಮಯ್ಯನವರನ್ನು ಆರಿಸುತ್ತೇನೆ. ಅವರೂ ಕಾರ್ಯಪ್ಪನವರೂ ಕೊಡಗಿನ ಒಂದೇ ಕೊಡಂದೇರ ಒಕ್ಕದವರು (ಮನೆತನದವರು) ಎಂಬುದನ್ನು ಮಗಳು ಭಾಷಣದಲ್ಲಿ ಹೇಳಬಹುದು, ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ.

1948ರಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, ಲಡಾಖ್ ಕೈತಪ್ಪುವ ಹಂತದಲ್ಲಿತ್ತು. ಲೇಹ್‌ನಲ್ಲಿ ಅವಸರದಲ್ಲಿ ಸಮ ಮಾಡಿದ ಒಂದು ಕಚ್ಚಾ ಪಟ್ಟಿ ಬಿಟ್ಟರೆ ವಿಮಾನ ಇಳಿಯಲು ಜಾಗ ಇಲ್ಲ. ಅಷ್ಟು ಎತ್ತರದ ಹಿಮಾಲಯ ದಾಟಿ ಅಲ್ಲಿ ಯಾರೂ ಇಳಿದಿರಲಿಲ್ಲ. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಮೊದಲ ಡಕೋಟಾ ಹಾರಿಸಿದರು. ಅದರಲ್ಲಿ ಕೂತಿದ್ದ ಪ್ರಯಾಣಿಕ ಡಿವಿಜನ್ ಕಮಾಂಡರ್ ಮೇಜರ್ ಜನರಲ್ ತಿಮ್ಮಯ್ಯ. ತನ್ನ ಸೈನಿಕರನ್ನು ಕಳಿಸುವ ಮೊದಲು ತಾನು ಹೋಗಿ ಇಳಿದರು.

ಆದರೆ ನಾನು ಅವರನ್ನು ಆರಿಸುವುದು ಅದಕ್ಕಿಂತ ಹೆಚ್ಚಾಗಿ ಜೋಜಿಲಾಗಾಗಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ಈ ಕಣಿವೆ 11,500 ಅಡಿಗಿಂತ ಎತ್ತರದಲ್ಲಿದೆ. ಪಾಕಿಸ್ತಾನಿ ಪಡೆಗಳು ಎರಡೂ ಬದಿಯ ಬಂಡೆಗಳಲ್ಲಿ ಕೂತಿದ್ದವು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ನುಗ್ಗಿ ನೋಡಿದರು, ಆಗಲಿಲ್ಲ. ಇನ್ನೊಮ್ಮೆ ಅದೇ ರೀತಿ ನುಗ್ಗಿಸಿದ್ದರೆ ಅದನ್ನೂ ವೀರತ್ವ ಎಂದು ಬರೆಯುವವರು ಇರುತ್ತಿದ್ದರು. ತಿಮ್ಮಯ್ಯ ಟ್ಯಾಂಕ್ ತರಿಸಲು ನಿರ್ಧರಿಸಿದರು. ಏಳನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆಯಿಂದ ಬರಬೇಕು. ದಾರಿಯ ಸೇತುವೆಗಳು ಆ ಭಾರ ತಾಳುವುದಿಲ್ಲ. ಅದಕ್ಕೆ ಟ್ಯಾಂಕಿನ ಮೇಲಿನ ತೋಪಿನ ಗೋಪುರ ಬಿಚ್ಚಿ ಬೇರೆಯಾಗಿ ಸಾಗಿಸಿದರು. ಸುದ್ದಿ ಹೊರಗೆ ಹೋಗದಂತೆ ಮುಚ್ಚಿಕೊಂಡು ತಂದರು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವ ಕಾಲುದಾರಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು, ಅಂದರೆ ಸೇನೆಯ ಎಂಜಿನಿಯರ್ ಪಡೆ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಇಂದಿಗೂ ಅವರ ಕೇಂದ್ರ ಇದೆ. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯ ಇದ್ದರು. ಆ ಎತ್ತರದಲ್ಲಿ ಟ್ಯಾಂಕ್ ಬರಬಹುದು ಎಂದು ಶತ್ರು ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಎರಡೂ ಮರಳಿ ಕೈಗೆ ಬಂದವು, ಲೇಹ್ ದಾರಿ ತೆರೆಯಿತು.

ಮುಂದಿನ ಟ್ಯಾಂಕಿನಲ್ಲಿ ಕೂತದ್ದು ಅಲೆಕ್ಸಾಂಡರ್ ಮೆಚ್ಚುವ ಕೆಲಸ. ಅದಕ್ಕೆ ಮೊದಲು ವಾರಗಟ್ಟಲೆ ಸೇತುವೆಯ ಭಾರ, ರಸ್ತೆಯ ಅಗಲ ಲೆಕ್ಕ ಹಾಕಿದ್ದು ಸ್ಲಿಮ್ ಮೆಚ್ಚುವ ಕೆಲಸ. ತಿಮ್ಮಯ್ಯ ಎರಡನ್ನೂ ಮಾಡಿದ್ದರಿಂದ ನಿಮ್ಮ ವಿಷಯಕ್ಕೆ ಅವರು ಚೆನ್ನಾಗಿ ಒಗ್ಗುತ್ತಾರೆ.

ಒಂದು ಎಚ್ಚರಿಕೆ. ಅವರನ್ನು ತಪ್ಪೇ ಇಲ್ಲದವರಂತೆ ತೋರಿಸಬೇಡಿ. 1959ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮಾತಾಡಿದ ಮೇಲೆ ವಾಪಸ್ ತೆಗೆದುಕೊಂಡರು. ಆಮೇಲೆ ನೆಹರೂ ಲೋಕಸಭೆಯಲ್ಲಿ ಅವರನ್ನೇ ಟೀಕಿಸಿದರು. ವಾಪಸ್ ತೆಗೆದುಕೊಂಡದ್ದು ಸರಿಯಾ, ಆಗಲೇ ಗಟ್ಟಿಯಾಗಿ ನಿಂತಿದ್ದರೆ 1962ರ ಚೀನಾ ಯುದ್ಧದ ಹೊತ್ತಿಗೆ ಸೇನೆಯ ಸ್ಥಿತಿ ಬೇರೆ ಇರುತ್ತಿತ್ತಾ ಎಂಬ ವಾದ ಇಂದಿಗೂ ನಿಂತಿಲ್ಲ. ಸರ್ಕಾರದ ಮಾತಿಗೆ ಸೇನಾಪತಿ ಬಗ್ಗಲೇಬೇಕು ಎನ್ನುವವರು ಒಂದು ಕಡೆ, ಭೀಷ್ಮ ಸಭೆಯಲ್ಲಿ ಸುಮ್ನೆ ಕೂತಂತಾಯಿತು ಎನ್ನುವವರು ಇನ್ನೊಂದು ಕಡೆ. ನಾನು ಮೊದಲನೆಯವರ ಪರ. ಮಗಳು ಯಾವ ಕಡೆ ನಿಂತರೂ ಪರವಾಗಿಲ್ಲ, ಆದರೆ ಉತ್ತರ ತಯಾರಿರಲಿ. ತೀರ್ಪುಗಾರರಲ್ಲಿ ಒಬ್ಬರು ಚರಿತ್ರೆಯ ಮೇಷ್ಟ್ರಾಗಿದ್ದರೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ.